ಗುರುವಿನ ಮಚ್ಚೆ

ಶಹಾಬಾದದ ಅರ್ಧ ಊರನ್ನು ಹಮೀದಾಬೇಗಂ ನೋಡಿದ್ದು ಉಲ್ಟಾ ಬಣ್ಣದಲ್ಲಿ. ಕೂದಲು ಬಿಳಿ, ಹಲ್ಲು ಕಪ್ಪು, ಮದುಮಗಳ ಹಣೆಯ ಕುಂಕುಮ ಒಂದು ಬಿಳಿ ಬೊಟ್ಟು. ಸ್ಟೇಷನ್ ರಸ್ತೆಯಲ್ಲಿ ಅವಳ ಗಂಡ ಅಲ್ಲಾವುದ್ದೀನನ ಫೋಟೋ ಸ್ಟುಡಿಯೋ ಇತ್ತು. ಮುಂದಿನ ಕೋಣೆಯಲ್ಲಿ ಅವನು ಗಿರಾಕಿಗಳನ್ನು ಕುರ್ಚಿಯಲ್ಲಿ ಕೂಡಿಸಿ, "ಉಸುರು ಹಿಡೀರಿ, ಅಳ್ಳಾಡಬ್ಯಾಡ್ರಿ" ಎಂದು ಗದರಿಸುತ್ತಿದ್ದ. ಹಿಂದಿನ ಕೋಣೆಯ ಕಿಟಕಿಯ ಹತ್ತಿರ ಇವಳು ಗಾಜಿನ ನೆಗೆಟಿವ್ ಪ್ಲೇಟನ್ನು ಓರೆ ಮೇಜಿನ ಮೇಲಿಟ್ಟು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಅದೇ ಮುಖಗಳನ್ನು ತಿದ್ದುತ್ತಿದ್ದಳು. ಮಚ್ಚೆ, ಮೊಡವೆ, ಮೈಲಿಬೇನೆಯ ಕುಳಿ, ಎಲ್ಲ ಮಾಯ. ಅವಳ ಪೆನ್ಸಿಲಿನಿಂದಾಗಿ ಕೂಡಿಬಂದ ಲಗ್ನಗಳು ಎಷ್ಟೋ. ಲಗ್ನ ಮುಗಿದ ಮೇಲೆ ಫೋಟೋ ಹಿಡಿದುಕೊಂಡು ಜಗಳಕ್ಕೆ ಬಂದವರೂ ಇದ್ದರು, ಅದು ಬೇರೆ ಮಾತು.

ಆದರೆ ಮುಖಕ್ಕಿಂತ ಅವಳಿಗೆ ಹೆಚ್ಚು ಕೆಲಸ ಕೊಡುತ್ತಿದ್ದದ್ದು ಊರಿನ ಧೂಳು. ಸುತ್ತಲೂ ಕಲ್ಲಿನ ಗಣಿ. ಹಗಲೆಲ್ಲ ನೆಲಹಾಸಿನ ಫರಸಿ ಕಲ್ಲು ಕೊಯ್ಯುವ ಊರಲ್ಲಿ ಗಾಳಿಯೇ ಅರ್ಧ ಕಲ್ಲು. ಎಷ್ಟು ಬಾಗಿಲು ಹಾಕಿಕೊಂಡು ಪ್ಲೇಟು ತುಂಬಿದರೂ ಒಂದು ಕಣ ಒಳಗೆ ಹೊಕ್ಕು ಕೂತಿತೆಂದರೆ ಫೋಟೋದ ಮೇಲೆ ಕರೀ ಚುಕ್ಕಿ. ತೊಳೆದು ಒಣಗಲು ಇಟ್ಟಾಗ ಮೆತ್ತಿಕೊಂಡರೆ ಬಿಳೀ ಚುಕ್ಕಿ. ಕರೀ ಚುಕ್ಕಿಯನ್ನು ಪೆನ್ಸಿಲಿನಿಂದ ತುಂಬಬೇಕು, ಬಿಳೀ ಚುಕ್ಕಿಯನ್ನು ಚಾಕುವಿನ ತುದಿಯಿಂದ ಕೆರೆದು ತೆಗೆಯಬೇಕು. ಪೆನ್ಸಿಲ್ ಹಚ್ಚಿದ್ದನ್ನು ಬೇಕಾದರೆ ಒರೆಸಬಹುದು. ಕೆರೆದದ್ದು ಹೋಯಿತೆಂದರೆ ಹೋಯಿತು.

ಯಾವುದು ಮುಖದ್ದು, ಯಾವುದು ಧೂಳಿಂದು ಅನ್ನುವುದಕ್ಕೆ ಅವಳ ಹತ್ತಿರ ಒಂದು ಪಕ್ಕಾ ಪರೀಕ್ಷೆ ಇತ್ತು. ಅಲ್ಲಾವುದ್ದೀನ ಪ್ರತಿಯೊಬ್ಬರದ್ದೂ ಎರಡೆರಡು ಪ್ಲೇಟು ತೆಗೆಯುತ್ತಿದ್ದ. ಎರಡರಲ್ಲೂ ಗಲ್ಲದ ಅದೇ ಜಾಗದಲ್ಲಿ ಚುಕ್ಕಿ ಇದ್ದರೆ ಅದು ಮಚ್ಚೆ. ಒಂದರಲ್ಲಿ ಗಲ್ಲದ ಮೇಲೆ, ಇನ್ನೊಂದರಲ್ಲಿ ಮೂಗಿನ ಮೇಲೆ ಇದ್ದರೆ ಧೂಳು. ಯಾಕೆಂದರೆ ಮಚ್ಚೆ ಎದ್ದು ಓಡಾಡುವುದಿಲ್ಲ.

ಈ ಕೆಲಸ ಅವಳ ಕೈಯಲ್ಲಿ ಉಳಿದಿದ್ದರೆ ಅದಕ್ಕೆ ಕಾರಣ ಆಚಾರ್ ಮಾಸ್ತರು. ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸುವ ವೆಂಕಟೇಶಾಚಾರ್ಯರು. ಐವತ್ತಾರರಲ್ಲಿ ಊರು ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿ, ಶಾಲೆ, ಅಂಗಡಿ ಬೋರ್ಡು ಎಲ್ಲ ಕನ್ನಡವಾದವು. ಹಮೀದಾಳಿಗೆ ಓದಲು ಬರೆಯಲು ಬರುತ್ತಿದ್ದದ್ದು ಉರ್ದು ಒಂದೇ. ಲಕೋಟೆಯ ಮೇಲೆ ಅವಳು ಉರ್ದುವಿನಲ್ಲಿ ಹೆಸರು ಬರೆಯುವುದು, ಒಯ್ಯುವವರಿಗೆ ಓದಲು ಬಾರದೇ ಯಾವುದೋ ಒಂದನ್ನು ಎತ್ತಿಕೊಂಡು ಹೋಗುವುದು. ಹೀಗಾಗಿ ಒಮ್ಮೆ ತೆಂಗಳಿಯ ಕನ್ಯೆಯ ಮನೆಗೆ ವರನ ಫೋಟೋದ ಬದಲು ಭಂಕೂರದ ಗುರುಲಿಂಗಯ್ಯನ ಎತ್ತಿನ ಜೋಡಿಯ ಫೋಟೋ ಹೋಯಿತು. ಹುಡುಗಿ ನೋಡಿ, "ಎರಡರಾಗ ಯಾವನ್ರಿ ವರ?" ಎಂದು ಕೇಳಿದಳಂತೆ. ಊರೆಲ್ಲ ನಕ್ಕಿತು, ಅಲ್ಲಾವುದ್ದೀನ ಮಾತ್ರ ಕೆಂಡವಾದ. ಲಕೋಟೆ ಬರೆಯಲು ಬಾರದವಳು ಸ್ಟುಡಿಯೋದ ಕೆಲಸ ಬಿಡಲಿ ಎಂದುಬಿಟ್ಟ.

ಮಾಸ್ತರು ಸಂಗತಿ ಕೇಳಿ ಮರುದಿನ ಸಂಜೆ ಒಂದು ಪಾಟಿ ಹಿಡಿದುಕೊಂಡು ಬಂದರು. ಮುಂದಿನ ಕೋಣೆಯ ಪರದೆಯ ಈಚೆ ಅವರು, ಆಚೆ ಇವಳು. ಪರದೆಯ ಕೆಳಗಿಂದ ಪಾಟಿ ಹೋಗುವುದು, ಬರುವುದು. ಎಂಟು ತಿಂಗಳು ಹೀಗೇ ನಡೆಯಿತು. ಒಂದು ಪೈಸೆ ಮುಟ್ಟಲಿಲ್ಲ. ಅವರ ಮಡಿಗೆ ಚಹಾ ಆಗದು ಎಂದು ಇವಳು ಸಿಪ್ಪೆ ಸುಲಿಯದ ಬಾಳೆಹಣ್ಣು ಇಡುತ್ತಿದ್ದಳು, ಅದನ್ನು ಮಾತ್ರ ತೆಗೆದುಕೊಂಡು ಹೋಗುತ್ತಿದ್ದರು. ಇವಳಿಗೆ ಆವತ್ತಿನಿಂದ ಅವರು ಉಸ್ತಾದ್. ಪರದೆ ಆಮೇಲೆ ತಾನಾಗಿಯೇ ಸರಿಯಿತು. ಒಡಹುಟ್ಟಿದವರ ಎದುರು ಎಂಥ ಪರದೆ? ಈ ಮನುಷ್ಯನಿಗೆ ನಾನೇನು ಕೊಟ್ಟೇನು ಎಂಬುದು ಮಾತ್ರ ಅವಳ ಎದೆಯಲ್ಲಿ ಉಳಿದುಬಿಟ್ಟಿತ್ತು.

ಕೊಡುವ ದಿನ ಅರವತ್ನಾಲ್ಕರ ದಸರೆಗೆ ಬಂತು. ಅಥವಾ ಬಂತೆಂದು ಅವಳು ತಿಳಿದಳು.

ಮಾಸ್ತರಿಗೆ ಆಕಾಶದ ಹುಚ್ಚು. ಹೈದರಾಬಾದಿನಲ್ಲಿ ನಿಜಾಮರ ಕಾಲದ ಒಂದು ಭಾರೀ ದುರ್ಬೀನು ಇದೆಯಂತೆ, ಮೂರು ಎತ್ತಿನ ಬಂಡಿಯಷ್ಟು ಉದ್ದ, ಗುಮ್ಮಟದ ಮಾಡು ತೆರೆದರೆ ಅದರ ಬಾಯಿ ಆಕಾಶಕ್ಕೆ. ಅದರೊಳಗಿಂದ ಗುರು ಗ್ರಹದ ಫೋಟೋ ತೆಗೆಯಬೇಕೆಂದು ಅವರು ಮೂರು ವರ್ಷ ಅರ್ಜಿ ಬರೆದರು. ಕೊನೆಗೆ ಅಲ್ಲಿಯ ಹಿರಿಯರು ಶಹಾಬುದ್ದೀನ ಸಾಹೇಬರು ಒಂದೇ ಒಂದು ರಾತ್ರಿ ಕೊಟ್ಟರು. ಫೋಟೋ ತೆಗೆಯಲು ಕೈ ಬೇಕಲ್ಲ, ಮಾಸ್ತರು ಅಲ್ಲಾವುದ್ದೀನನನ್ನು ಜೊತೆಗೆ ಕರೆದರು. ಇಬ್ಬರೂ ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ಸೇಡಂ ದಾಟಿ, ಪ್ಲೇಟಿನ ಡಬ್ಬಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದರು.

ತಿರುಗಿ ಬಂದಾಗ ಅಲ್ಲಾವುದ್ದೀನನ ಬಾಯಿ ನಿಲ್ಲಲಿಲ್ಲ. "ನೂರಜಹಾನ್ ಅಮ್ಮಾ, ಏನ್ ಹೇಳ್ಲಿ! ಅಷ್ಟು ದೊಡ್ಡ ಲೋಖಂಡದ ದುರ್ಬೀನು, ಒಂದ್ ಬೆರಳಿನಿಂದ ಸರಸಿದ್ರ ಸರೀತದ. ಗುರು ಏನ್ ಗೊತ್ತೇನು, ಪಟ್ಟಿ ಪಟ್ಟಿ ಇದ್ದಾನ, ರಜಾಯಿ ಹೊತ್ಕೊಂಡಂಗ!" ಮಗಳ ಹೆಸರು ಹಿಡಿದೇ ಅವನು ಹೆಂಡತಿಯನ್ನು ಕರೆಯುತ್ತಿದ್ದದ್ದು. ಮೋಡ ಸರಿದು ಎರಡು ಪ್ಲೇಟು ಮಾತ್ರ ಸಿಕ್ಕಿದ್ದವು, ಒಂದಕ್ಕೂ ಇನ್ನೊಂದಕ್ಕೂ ನಡುವೆ ನಲವತ್ತು ನಿಮಿಷ. ಸಾಹೇಬರು ಹೇಳಿದ್ದು ಸ್ಪಷ್ಟವಿತ್ತು: ಶುಕ್ರವಾರದ ಒಳಗೆ ಪ್ಲೇಟೂ ಪ್ರಿಂಟೂ ನನ್ನ ಕೈಗೆ ಬರಲಿ, ಕೆಲಸ ಸರಿಯಿದ್ದರೆ ಮಾಸ್ತರಿಗೆ ಇನ್ನೂ ರಾತ್ರಿಗಳು ಸಿಗುತ್ತವೆ, ಇಲ್ಲದಿದ್ದರೆ ಇದೇ ಕೊನೆ.

ಅಲ್ಲಾವುದ್ದೀನ ಪ್ಲೇಟು ತೊಳೆದು ಒಣಗಿಸಿ ಹೆಂಡತಿಯ ಮುಂದಿಟ್ಟು, "ಧೂಳ್ ಅಷ್ಟು ತೆಗಿ" ಎಂದ. ಅಷ್ಟೇ ಹೇಳಿದ್ದು.

ಗುರು ಪ್ಲೇಟಿನ ಮೇಲೆ ಹುಣಸೆ ಬೀಜದಷ್ಟಿದ್ದ, ಅದರ ಹಾಗೇ ಸ್ವಲ್ಪ ಚಪ್ಪಟೆ. ಭೂತಗನ್ನಡಿ ಹಿಡಿದು ಹಮೀದಾ ಮೂರು ಹಗಲು ಕೂತಳು. ಬೇರೆ ಯಾರ ಮುಖಕ್ಕೂ ಅವಳು ಇಷ್ಟು ಕಣ್ಣು ಸವೆಸಿರಲಿಲ್ಲ. ಸುತ್ತಲಿನ ಧೂಳು ತೆಗೆದಳು. ಆಮೇಲೆ ಕಂಡಿತು, ಮುಖದ ನಟ್ಟನಡುವೆ, ಪ್ರಿಂಟಿನಲ್ಲಿ ಕರಿಯಾಗಿ ಬೀಳುವಂಥ ಒಂದು ದುಂಡನೆಯ ಮಚ್ಚೆ. ಎರಡನೇ ಪ್ಲೇಟು ನೋಡಿದಳು. ಅಲ್ಲಿ ಅದು ಪಕ್ಕಕ್ಕೆ ಸರಿದಿತ್ತು! ಹಾಗಾದರೆ ಧೂಳೇ, ಅನುಮಾನವೇ ಇಲ್ಲ. ಎರಡರಲ್ಲೂ ನಿಧಾನಕ್ಕೆ ಪೆನ್ಸಿಲಿನಿಂದ ತುಂಬಿ, ಸುತ್ತಲಿನ ಪಟ್ಟಿಗೆ ಕೂಡಿಸಿಬಿಟ್ಟಳು. ಎರಡನೇ ಪ್ಲೇಟಿನಲ್ಲಿ ಗುರುವಿನ ಅಂಚಿಗೆ ಹತ್ತಿಕೊಂಡಂತೆ ಸೂಜಿ ಮೊನೆಯಷ್ಟು ಬಿಳೀ ಚುಕ್ಕಿ ಒಂದಿತ್ತು, ಅದನ್ನು ಚಾಕುವಿನಿಂದ ಕೆರೆದಳು. ಮೊದಲನೆಯದರಲ್ಲೂ ಅಂಥದೊಂದು ಇತ್ತು. ಅದು ದೂರ ಇದ್ದುದರಿಂದ, ಪ್ರಿಂಟಿನ ಅಂಚು ಕತ್ತರಿಸುವಾಗ ಹೋಗುತ್ತದೆ ಎಂದು ಬಿಟ್ಟಳು. ಪ್ರಿಂಟು ಮಾಡಿದ ಮೇಲೆ ನೋಡಿದರೆ ಗುರು ಮದುಮಗನಾಗಿದ್ದ.

ಬುಧವಾರ ಸಂಜೆ ಮಾಸ್ತರು ಶಾಲೆಯಿಂದ ನೇರ ಬಂದರು, ಕೋಟಿನ ಮೇಲೆ ಸೀಮೆಸುಣ್ಣ ಹಾಗೇ ಇತ್ತು. ಹಮೀದಾ ಎರಡು ಪ್ರಿಂಟನ್ನೂ ಬಾಳೆಹಣ್ಣಿನ ಜೊತೆ ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದಳು. ಮಾಸ್ತರು ಒಂದನ್ನು ನೋಡಿದರು. ಇನ್ನೊಂದನ್ನು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ತಂಗೀ, ಇಲ್ಲಿ ಒಂದು ಕರೀ ಚುಕ್ಕಿ ಇತ್ತಲ್ರಿ?"

"ತೆಗದೀನ್ರಿ ಮಾಸ್ತರ!" ಹಮೀದಾ ಹಿಗ್ಗಿ ಹೀರೇಕಾಯಿಯಾಗಿದ್ದಳು. "ಮೊದಲ ನಾನೂ ಮಚ್ಚೆ ಅಂದ್ಕೊಂಡಿದ್ದೆ. ಎರಡನೇ ಪ್ಲೇಟಿನ್ಯಾಗ ನೋಡಿದ್ರ ಸರದು ಕುಂತದ. ಮಚ್ಚೆ ಎಲ್ಲಾರ ಸರೀತದೇನ್ರಿ? ಧೂಳಂತ ಗೊತ್ತಾತು. ಕಣ್ಣಿಟ್ಟು ನೋಡ್ರಿ, ಗುರ್ತು ಸೈತ ಸಿಗಂಗಿಲ್ಲ."

ಮಾಸ್ತರು ಫರಸಿಯ ಮೇಲೆ ಹಾಗೇ ಕುಸಿದು ಕೂತರು.

"ಅದು ಸರದದ್ದೇ ನನಗ ಬೇಕಾಗಿತ್ತು ತಂಗೀ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. "ಗುರುವಿಗೆ ತನ್ನವೇ ಚಂದ್ರಗಳು ಅವ. ಒಂದು ಚಂದ್ರನ ನೆರಳು ಅವನ ಮುಖದ ಮ್ಯಾಲ ಬಿದ್ದು ಹಾದು ಹೋಗಾಕತ್ತಿತ್ತು. ನೆರಳು ನಡದದ್ದನ್ನ ಹಿಡಿದೀವಿ ಅಂತ ನಾವು ಸಾಹೇಬರ ಮುಂದ ಕುಣದಾಡಿದ್ವಿ."

ಅವರು ಎದ್ದು ಹೊರಟರು. ತಟ್ಟೆಯ ಬಾಳೆಹಣ್ಣು ತಟ್ಟೆಯಲ್ಲೇ ಉಳಿಯಿತು. ಬಾಗಿಲ ತನಕ ಹೋಗಿ ತಿರುಗಿ, "ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ. ತಪ್ಪು ನಂದು, ಮೊದಲ ಹೇಳಬೇಕಾಗಿತ್ತು" ಎಂದರು. ಆ ಮಾತಿಗೆ ಹಮೀದಾಳ ಕಣ್ಣು ತುಂಬಿ ಬಂದವು. ಉಪಕಾರ ತೀರಿಸಲು ಹೋಗಿ ಉಸ್ತಾದರ ಮೂರು ವರ್ಷವನ್ನು ಮೂರು ಹಗಲಲ್ಲಿ ಒರೆಸಿ ಹಾಕಿದೆನಲ್ಲ, ಯಾ ಅಲ್ಲಾ, ಈ ಕೈಗೆ ಏನು ಬಂದಿತ್ತು ಎಂದು ಅತ್ತಳು.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಯೋಚಿಸಿದಳು. ಪೆನ್ಸಿಲ್ ತಾನೇ? ಒರೆಸಿದರೆ ಹೋಗುತ್ತದೆ.

ಗುರುವಾರ ಬೆಳಕು ಹರಿದದ್ದೇ ತಡ ಕಿಟಕಿಗೆ ಕೂತಳು. ಹತ್ತಿಗೆ ಒಂದೆರಡು ಹನಿ ಟರ್ಪಂಟೈನ್ ಹಾಕಿ, ಪ್ಲೇಟಿನ ಮೇಲೆ ಆಡಿಸಿಯೂ ಆಡಿಸದ ಹಾಗೆ ಆಡಿಸಿದಳು. ಪೆನ್ಸಿಲಿನ ಮಸಿ ಬಿಟ್ಟಿತು. ಗುರುವಿನ ಮುಖದ ಮೇಲೆ ಮಚ್ಚೆ ಮತ್ತೆ ಬಂತು, ಅದರ ಜೊತೆಗೆ ಧೂಳಿನ ನಲವತ್ತೈವತ್ತು ಚುಕ್ಕಿಯೂ ಬಂದವು. ಈಗ ಯಾವುದು ಗುರುವಿನದು, ಯಾವುದು ಶಹಾಬಾದದ್ದು? ಹಳೆಯ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಭೂತಗನ್ನಡಿಯಲ್ಲಿ ಒಂದೊಂದನ್ನೇ ಹಿಡಿದು ನೋಡುತ್ತ ಹೋದಳು. ಧೂಳಿನ ಚುಕ್ಕಿಯ ಅಂಚು ಕತ್ತರಿಸಿದ ಹಾಗೆ ಹರಿತ. ಮಚ್ಚೆಯ ಅಂಚು ಮೆತ್ತಗೆ, ನೀರಲ್ಲಿ ಬಿದ್ದ ಮಸಿಯ ಹಾಗೆ. ಅಷ್ಟು ದೂರದ ಗಾಳಿಯೆಲ್ಲ ದಾಟಿ ಬಂದದ್ದಲ್ಲವೇ. ಇದು ಮೊದಲ ದಿನವೇ ಅವಳ ಕಣ್ಣಿಗೆ ಬಿದ್ದಿತ್ತು, ಆದರೆ ಬುದ್ಧಿಗೆ ಬಿದ್ದಿರಲಿಲ್ಲ. ಹರಿತ ಇದ್ದದ್ದನ್ನೆಲ್ಲ ತುಂಬಿದಳು, ಮೆತ್ತಗೆ ಇದ್ದದ್ದನ್ನೂ ಬಗೆಹರಿಯದ ಒಂದನ್ನೂ ಮುಟ್ಟಲಿಲ್ಲ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಕೆಲಸ ಮುಗಿಯಿತು.

ಆಗ ಎರಡೂ ಪ್ಲೇಟನ್ನು ಪಕ್ಕ ಪಕ್ಕ ಇಟ್ಟು ನೋಡಿದಳು. ಮೊದಲನೇ ಪ್ಲೇಟಿನಲ್ಲಿ ಮುಖದಿಂದ ದೂರ ಇದ್ದ ಆ ಬಿಳೀ ಚುಕ್ಕಿ. ಎರಡನೆಯದರಲ್ಲಿ ಅಂಚಿಗೆ ಹತ್ತಿರ ಬಂದಿದ್ದ, ತಾನು ಕೆರೆದು ಹಾಕಿದ ಚುಕ್ಕಿ. ಮಚ್ಚೆ ಎಷ್ಟು ಸರಿದಿತ್ತೋ, ಚುಕ್ಕಿಯೂ ಅಷ್ಟೇ, ಅದೇ ದಿಕ್ಕಿಗೆ ಸರಿದಿತ್ತು. ನೆರಳು ಮುಂದೆ, ಚುಕ್ಕಿ ಹಿಂದೆ. ಅದು ಚಂದ್ರ. ಯಾರೂ ಹೇಳಿಕೊಡದೇ ಅವಳಿಗೆ ಗೊತ್ತಾಯಿತು, ಗೊತ್ತಾದದ್ದಕ್ಕೆ ಸಂತೋಷಪಡುವ ಹಣೆಬರಹ ಇರಲಿಲ್ಲ. ನೆರಳನ್ನು ಉಳಿಸಿಕೊಂಡಳು, ಚಂದ್ರನನ್ನು ಕೆರೆದುಬಿಟ್ಟಿದ್ದಳು.

ಅಲ್ಲಾವುದ್ದೀನ ಕೇಳಿ ಹಣೆ ಬಡಿದುಕೊಂಡ. ಆಮೇಲೆ ದನಿ ತಗ್ಗಿಸಿ, "ಎಲ್ಲಿತ್ತು ಅಂತ ನೆನಪದ ಇಲ್ಲ?" ಎಂದ.

"ಕೂದಲೆಳಿಯಷ್ಟು ಸೈತ ಹೆಚ್ಚು ಕಮ್ಮಿ ಇಲ್ದಂಗ ನೆನಪದ."

"ಮತ್ತೇನು! ಪೆನ್ಸಿಲಿಂದ ಒಂದು ಚುಕ್ಕಿ ಇಟ್ಟುಬಿಡು. ನಿನ್ನ ಕೈ ಅದು, ಯಾರ ಅಪ್ಪಗ ಗೊತ್ತಾಗ್ತದ? ಇದ್ದದ್ದನ್ನೇ ಇಡ್ತಿ, ಸುಳ್ಳೇನ್ ಇಡಲ್ಲಲ್ಲ. ಮಾಸ್ತರ್ ರಾತ್ರಿನೂ ಉಳೀತದ, ನಮ್ಮ ಇಜ್ಜತ್ತೂ ಉಳೀತದ."

ಅವನು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ? ಚಂದ್ರ ಇದ್ದದ್ದು ಖರೇ, ಅಲ್ಲೇ ಇದ್ದದ್ದೂ ಖರೇ. ಹಮೀದಾ ಪೆನ್ಸಿಲನ್ನು ಉಪ್ಪುಕಾಗದದ ಮೇಲೆ ತಿಕ್ಕಿ ಚೂಪು ಮಾಡಿದಳು. ಮೊನೆಯನ್ನು ಪ್ಲೇಟಿನ ಹತ್ತಿರ ತಂದಳು. ಒಂದು ಮುಟ್ಟು ಮುಟ್ಟಿದರೆ ಆಯಿತು.

ಜನರ ಮುಖ ತಿದ್ದುವಾಗ ಅವಳು ಎಂದೂ ಹಿಂಜರಿದಿರಲಿಲ್ಲ. ಯಾಕೆಂದರೆ ಆ ಮುಖದ ಮನುಷ್ಯ ಊರಲ್ಲೇ ಓಡಾಡಿಕೊಂಡಿರುತ್ತಾನೆ. ಬೇಕಾದವರು ಹೋಗಿ ಹೋಲಿಸಿ ನೋಡಬಹುದು. ಗುರುವಿನ ಮನೆಗೆ ಹೋಗಿ ಯಾರು ಹೋಲಿಸಿಯಾರು? ಆವತ್ತಿನ ಆ ಹೊತ್ತಿಗೆ ಸಾಕ್ಷಿ ಎಂದರೆ ಈ ಗಾಜು ಒಂದೇ. ಅದರ ಬಾಯಲ್ಲಿ ನಾನು ಮಾತಿಡಲೇ? ಅದೂ ಉಸ್ತಾದರ ಹೆಸರಲ್ಲಿ?

ಪೆನ್ಸಿಲು ಕೆಳಗಿಟ್ಟಳು. "ಇಜ್ಜತ್ ಹೋದ್ರ ನಂದು ಹೋಗ್ಲಿ ನೂರಜಹಾನ್ ಅಬ್ಬಾ," ಎಂದಳು. "ಮಾಸ್ತರಿಗೆ ಕರೀರಿ."

ಮಾಸ್ತರು ಬಂದರು. ಹಮೀದಾ ಒಂದನ್ನೂ ಮುಚ್ಚದೇ ಎಲ್ಲ ಹೇಳಿದಳು. ಹೇಳಿ, ಸಾಹೇಬರ ಪಾಕೀಟಿನಲ್ಲಿ ಹಾಕಲು ತಾನೇ ಬರೆದ ಒಂದು ಚೀಟಿ ಕೊಟ್ಟಳು. ಉರ್ದುವಿನಲ್ಲಿ ಅವಳಿಗೆ ಸಲೀಸಿತ್ತು, ಆದರೂ ಕನ್ನಡದಲ್ಲಿ ಬರೆದಿದ್ದಳು, ಉರ್ದು ಓದಲು ಬಾರದ ಮಾಸ್ತರು ಮೊದಲು ಓದಲಿ ಎಂದು. ಲಕೋಟೆಯ ಹೆಸರುಗಳನ್ನು ಬಿಟ್ಟರೆ, ಪಾಟಿಯಾಚೆ ಅವಳು ಕನ್ನಡದಲ್ಲಿ ಏನಾದರೂ ಬರೆದದ್ದು ಅದೇ ಮೊದಲು. "ಎರಡನೇ ಪ್ಲೇಟಿನಲ್ಲಿ ಗುರುವಿನ ಅಂಚಿಗೆ ಒಂದು ಚುಕ್ಕಿ ಇತ್ತು. ಧೂಳು ಎಂದು ತಿಳಿದು ನಾನು ಕೆರೆದೆನು. ಅದು ಚಂದ್ರ ಇತ್ತು. ನಲವತ್ತಾರು ಕಡೆ ಧೂಳು ತುಂಬಿದ್ದೇನೆ, ಎಲ್ಲೆಲ್ಲಿ ಎಂದು ಹಿಂದುಗಡೆ ಗುರುತು ಹಾಕಿದ್ದೇನೆ. ಮಾಸ್ತರ ತಪ್ಪು ಇಲ್ಲ. ಹಮೀದಾಬೇಗಂ."

ಮಾಸ್ತರು ಎರಡು ಸಲ ಓದಿದರು. "ಇದನ್ನ ಕಳಿಸಿದ್ರ ಅವರು ಮತ್ತ ಕರೀಲಿಕ್ಕಿಲ್ಲ," ಎಂದರು ಮೆಲ್ಲಗೆ.

"ಗೊತ್ತದರಿ."

"ಕಳಸ್ತೀನಿ," ಎಂದು ಪ್ಲೇಟುಗಳನ್ನು ಭೂತಗನ್ನಡಿಯಲ್ಲಿ ನೋಡಿ ತಮ್ಮ ಟಿಪ್ಪಣಿ ಬರೆದು, ಅದನ್ನೂ ಚೀಟಿಯನ್ನೂ ಪ್ಲೇಟು, ಹೊಸ ಪ್ರಿಂಟುಗಳ ಜೊತೆ ಇಟ್ಟರು.

ಅಲ್ಲಾವುದ್ದೀನ ಆ ಸಂಜೆಯ ಗಾಡಿಗೇ ಹೊರಟು, ಶುಕ್ರವಾರ ಬೆಳಿಗ್ಗೆ ಪಾಕೀಟನ್ನು ಸಾಹೇಬರ ಕೈಗೆ ಮುಟ್ಟಿಸಿ ಬಂದ. ಆಮೇಲೆ ಒಂದು ತಿಂಗಳು ಸುದ್ದಿಯಿಲ್ಲ. ಹಮೀದಾ ದಿನಕ್ಕೆ ಎರಡು ಸಲ ಪೋಸ್ಟಿನವನ ದಾರಿ ಕಾದಳು, ಆಮೇಲೆ ಒಂದು ಸಲ, ಆಮೇಲೆ ಬಿಟ್ಟಳು. ಮಾಸ್ತರು ಮಾತ್ರ ಒಂದು ದಿನವೂ ಆ ವಿಷಯ ಎತ್ತಲಿಲ್ಲ.

ಪತ್ರ ಬಂದದ್ದು ನವೆಂಬರಿನ ಕೊನೆಗೆ, ಶಾಲೆಯ ವಿಳಾಸಕ್ಕೆ, ಒಂದು ಸಣ್ಣ ಕಟ್ಟಿಗೆ ಪೆಟ್ಟಿಗೆಯ ಜೊತೆ. ಮಾಸ್ತರು ಎರಡನ್ನೂ ಒಡೆದೂ ನೋಡದೇ ಸ್ಟುಡಿಯೋಕ್ಕೆ ಓಡಿಬಂದರು. ಯಾಕೆಂದರೆ ಹೊರಗೆ ಅವರ ಹೆಸರಿನ ಕೆಳಗೆ ಉರ್ದುವಿನಲ್ಲಿ ಇನ್ನೊಂದು ಸಾಲಿತ್ತು, ಶಾಲೆಯ ಉರ್ದು ಬಲ್ಲವರೊಬ್ಬರು ಓದಿ ಹೇಳಿದ್ದರು: ಪ್ಲೇಟು ತಿದ್ದಿದ ಮೊಹತರಮಾ ಹಮೀದಾಬೇಗಂ ಅವರಿಗೆ. ಹಮೀದಾ ಒಡೆದಳು. ಒಳಗೂ ಉರ್ದು, ಹಳೇ ಕಾಲದ ದುಂಡು ಬರಹ. ಗಟ್ಟಿಯಾಗಿ ಓದಿ ಅರ್ಥ ಹೇಳುತ್ತ ಹೋದಳು.

ಶಹಾಬುದ್ದೀನ ಸಾಹೇಬರು ಬರೆದಿದ್ದರು: ನಿಮ್ಮ ಚೀಟಿಯನ್ನು ಇಲ್ಲಿಯ ಒಬ್ಬ ಕನ್ನಡದವರಿಂದ ಓದಿಸಿಕೊಂಡೆ. ಮೂವತ್ತು ವರ್ಷದಿಂದ ನನ್ನ ಕೈಗೆ ಪ್ಲೇಟುಗಳು ಬರುತ್ತಿವೆ, ನಾನು ಇಲ್ಲಿ ಕೆಡಿಸಿದೆ ಎಂಬ ಚೀಟಿ ಯಾವುದರ ಜೊತೆಗೂ ಬಂದಿಲ್ಲ. ಹೋದ ಚಂದ್ರನ ಚಿಂತೆ ಬಿಡಿ, ಆ ಹೊತ್ತಿಗೆ ಅದು ಎಲ್ಲಿತ್ತೆಂದು ಲೆಕ್ಕ ಹಾಕಿ ತಿಳಿಯಬಹುದು. ಹೋಯಿತೆಂದು ಹೇಳಿದವರ ಮೇಲೆ ನನಗೆ ನಂಬಿಕೆ ಬಂದಿದೆ. ಈಗ ನನ್ನದೊಂದು ಪ್ರಶ್ನೆ. ಮೊದಲನೇ ಪ್ಲೇಟಿನಲ್ಲಿ ಗುರುವಿನ ಕೆಳಗಿನ ಪಟ್ಟಿಯ ಹತ್ತಿರ ಇನ್ನೊಂದು ಸಣ್ಣ ಕಪ್ಪು ಗುರುತಿದೆ, ಎರಡನೆಯದರಲ್ಲಿ ಆ ಭಾಗ ಮಸುಕು. ಅದನ್ನು ನೀವು ತುಂಬಿಲ್ಲ. ಮಾಸ್ತರ ಟಿಪ್ಪಣಿಯಲ್ಲಿ ಅದು ಗ್ರಹದ ಮೇಲಿನದೇ ಹೊಸ ಕಲೆ ಇರಬಹುದು ಎಂದಿದೆ. ನಮ್ಮಲ್ಲಿ ಒಬ್ಬರು ಹೌದೆನ್ನುತ್ತಾರೆ, ಒಬ್ಬರು ಅಲ್ಲವೆನ್ನುತ್ತಾರೆ. ಪ್ಲೇಟು ವಾಪಸು ಕಳಿಸಿದ್ದೇನೆ. ನೀವು ನೋಡಿ ಹೇಳಿದ್ದನ್ನೇ ದಫ್ತರಿನಲ್ಲಿ ಬರೆಯುತ್ತೇನೆ. ಮಾಸ್ತರಿಗೆ ಜನವರಿಯಲ್ಲಿ ನಾಲ್ಕು ರಾತ್ರಿ ಇಟ್ಟಿದ್ದೇನೆ.

ನಾಲ್ಕು ರಾತ್ರಿ ಎಂದು ಕೇಳಿದ್ದೇ ಅಲ್ಲಾವುದ್ದೀನ "ಶುಕರ್ ಹೈ!" ಎಂದು ಕೂಗಿದ ಕೂಗು ಸ್ಟೇಷನ್ನಿಗೆ ಕೇಳಿಸಿರಬೇಕು. ಹಮೀದಾ ಮಾತ್ರ ಪೆಟ್ಟಿಗೆಯ ಪ್ಲೇಟು ಬಿಚ್ಚಿ ಆಗಲೇ ಕಿಟಕಿಗೆ ಹೋಗಿದ್ದಳು.

ಆ ಗುರುತನ್ನು ಆವತ್ತು ಅವಳು ಬೇಕೆಂದೇ ಬಿಟ್ಟಿದ್ದಳು. ಹರಿತವೋ ಮೆತ್ತಗೋ ಎಂದು ಬಗೆಹರಿಯದೇ, ಮತ್ತೊಂದು ನೆರಳನ್ನು ಒರೆಸಲಾರೆ ಎಂದು ಕೈ ತೆಗೆದಿದ್ದಳು. ಈಗ ಮಾಸ್ತರು ಹಿಂದೆ ನಿಂತಿದ್ದರು. ಅವರು ಉಸಿರು ಹಿಡಿದದ್ದು ಅವಳಿಗೆ ಗೊತ್ತಾಗುತ್ತಿತ್ತು. ಗುರುವಿನ ಮುಖದ ಮೇಲೆ ಹೊಸದೊಂದು ಕಲೆ ಕಂಡ ಶಹಾಬಾದದ ಮಾಸ್ತರು. ಯಾರಿಗೆ ಬೇಡ? ಹೌದು ಎಂದುಬಿಡಲು ಅವಳ ನಾಲಿಗೆ ತುದಿಯಲ್ಲಿ ಮಾತು ಬಂದು ನಿಂತಿತ್ತು. ಪ್ಲೇಟನ್ನು ಓರೆ ಮಾಡಿದಳು, ಬೆಳಕಿಗೆ ಅಡ್ಡ ಹಿಡಿದಳು, ಬೆನ್ನ ಕಡೆಯಿಂದ ನೋಡಿದಳು. ಒಂದು ಬದಿ ಮೆತ್ತಗೆ ಕಾಣುತ್ತಿತ್ತು, ತೊಳೆಯುವಾಗ ಕದಡಿದ್ದು. ಇನ್ನೊಂದು ಬದಿ ಬ್ಲೇಡಿನಿಂದ ಕೊಯ್ದಂತೆ ಹರಿತ.

"ಮಾಸ್ತರ," ಎಂದಳು, ತಿರುಗಿ ನೋಡಲು ಧೈರ್ಯ ಬರದೇ. "ಇದು ಧೂಳರಿ."

"ಖರೇ ಏನು?"

"ಖರೇರಿ. ನಮ್ಮ ಮನಿ ಧೂಳೇ."

ಮಾಸ್ತರು ಕೋಟಿನ ಕಿಸೆಯಿಂದ ತಮ್ಮ ಟಿಪ್ಪಣಿಯ ಪುಸ್ತಕ ತೆಗೆದರು. ಹೊಸ ಕಲೆಯ ಬಗ್ಗೆ ಅದರಲ್ಲಿ ಎರಡು ಪುಟ ಬರೆದಿದ್ದರು, ಚಿತ್ರ ಸಹಿತ. ಪೆನ್ನಿನಿಂದ ಎರಡು ಪುಟಕ್ಕೂ ಅಡ್ಡಗೆರೆ ಹೊಡೆದರು. ಯಾಕೆ ಎಂದಾಗಲಿ, ಇನ್ನೊಮ್ಮೆ ನೋಡಿ ಎಂದಾಗಲಿ ಕೇಳಲಿಲ್ಲ.

ಹಮೀದಾ ತಿರುಗಿ ನೋಡುವಷ್ಟರಲ್ಲಿ ಅವರು ಎರಡೂ ಕೈ ಜೋಡಿಸಿ ಅವಳ ಮುಂದೆ ಬಾಗಿದ್ದರು.

"ತೌಬಾ ತೌಬಾ, ಏನ್ ಮಾಡಾಕತ್ತೀರಿ ಮಾಸ್ತರ! ನೀವು ನನ್ನ ಉಸ್ತಾದರು," ಎಂದು ಅವಳು ಗಾಬರಿಯಾಗಿ ಹಿಂದೆ ಸರಿದಳು. ಕಣ್ಣಲ್ಲಿ ನೀರು ಧಾರಾಕಾರ.

"ನಾ ಅಕ್ಷರ ಕಲಿಸಿದೆ, ಅಷ್ಟೇ," ಎಂದರು ಮಾಸ್ತರು. "ನೋಡೂದು ನೀವು ಕಲಿಸಿದ್ರಿ ತಂಗೀ. ಜನವರಿಗೆ ತಯಾರಾಗ್ರಿ. ನೀವು ಬರದಿದ್ರ ನಾ ಆ ದುರ್ಬೀನಿಗೆ ಕೈ ಹಚ್ಚಂಗಿಲ್ಲ."